ಭಾವನ ಹನ್ನೊಂದು ಪಿಸ್ತೂಲುಗಳು

ನಮ್ಮ ಭಾವನ ಮನೆಯಲ್ಲಿ ಹನ್ನೊಂದು ಪಿಸ್ತೂಲುಗಳಿದ್ದವು. ಆದರೆ ಒಂದು ಇಲಿಯನ್ನು ಕೊಲ್ಲುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ! ಮಾರ್ಗನ್ ಹಿಲ್ ಎಂಬ ಅಮೆರಿಕನ್ ಊರಿನ ಆ ಮನೆಯ ಗರಾಜಿನಲ್ಲಿ ಬೋನಿಗೆ ಬಿದ್ದ ಇಲಿಯನ್ನು ಭಾವ ಕಾರಿನಲ್ಲಿ ಗುಡ್ಡದವರೆಗೆ ಕರೆದೊಯ್ದು ಬಿಟ್ಟುಬರುತ್ತಿದ್ದರು. ಹೊಸ ಜಾಗದಲ್ಲಿ ಹಸಿದೀತೆಂದು ಜೊತೆಗೆ ಒಂದು ಚೂರು ದೋಸೆ ಬೇರೆ.

ಅದು ಡಾಟ್‌ಕಾಂ ಕಾಲ. ಯಾರ ಮನೆಗೆ ಊಟಕ್ಕೆ ಹೋದರೂ ಷೇರು, ಸ್ಟಾರ್ಟಪ್ಪು ಎಂಬ ಮಾತೇ. ಭಾವನ ಬಾಯಲ್ಲಿ ಮಾತ್ರ ಸ್ಪ್ರಿಂಗು, ಟ್ರಿಗರು. ಅದರಲ್ಲೂ ಅವರಿಗೆ ಬೇಕಾದದ್ದು ಕಂಪನಿಯೇ ತಯಾರಿಸುವುದನ್ನು ನಿಲ್ಲಿಸಿದ ಪಿಸ್ತೂಲುಗಳು. ಅಂಗಡಿಯವನು ಹೊಸ ಮಾಲು ತೋರಿಸಿದರೆ ಆಕಳಿಸುವರು. "ಇದರ ಬಿಡಿಭಾಗ ಎಲ್ಲೂ ಸಿಗುವುದಿಲ್ಲ" ಎಂದನೋ, ಕಣ್ಣರಳುತ್ತಿತ್ತು.

"ಪಾರ್ಟೇ ಸಿಗದೇ ಇರೋದನ್ನ ಯಾಕೆ ತಗೊಳ್ತೀರಿ ಭಾವ?"

"ಸಿಗುವುದನ್ನು ಯಾರು ಬೇಕಾದ್ರೂ ತಕೊಳ್ತಾರೆ ಮಾರಾಯ."

ಒಮ್ಮೆ ಪಿಸ್ತೂಲಿಗೆ ಹಚ್ಚುವ ಎಣ್ಣೆ ಮುಗಿದಿತ್ತು. ಉಡುಪಿಯವರಿಗೆ ತೆಂಗಿನೆಣ್ಣೆ ಹಚ್ಚಬಾರದ ವಸ್ತು ಲೋಕದಲ್ಲಿದೆಯೇ? ಧಾರಾಳವಾಗಿ ಹಚ್ಚಿದರು. ಡಿಸೆಂಬರಿನ ಬೆಳಿಗ್ಗೆ ಗುರಿ ಅಭ್ಯಾಸದ ಮೈದಾನಕ್ಕೆ ಹೋಗುವಷ್ಟರಲ್ಲಿ ಎಣ್ಣೆ ಒಳಗೇ ಹೆಪ್ಪುಗಟ್ಟಿ, ಪಿಸ್ತೂಲು ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ಮುದುಕ ತೆಂಗಿನ ಘಮಕ್ಕೆ ಮೂಗರಳಿಸಿ, "ಯಾರು ಕೇಕು ತಂದವರು?" ಎಂದು ಕೇಳಿದ. ಗುಂಡು ತುಂಬಿರದ ಅದನ್ನು ಕಾರಿನ ಹೀಟರಿನ ಮುಂದೆ ಹಿಡಿದು ಭಾವ ಅರ್ಧ ಗಂಟೆ ಕೂತರು.

"ಇವನ್ನ ಮೊದಲು ಮಾರಿ" ಎಂದು ನಮ್ಮಕ್ಕ ವಾರಕ್ಕೊಮ್ಮೆ ಹೇಳುತ್ತಿದ್ದಳು. "ಆಯ್ತು" ಎಂದು ಭಾವ ವಾರಕ್ಕೊಮ್ಮೆ ಹೇಳುತ್ತಿದ್ದರು. ಹೀಗೇ ಹತ್ತು ವರ್ಷ ಸಾಗಿತ್ತು.

ಅವರಿಗೆ ಮಕ್ಕಳಿರಲಿಲ್ಲ. ಬಹಳ ಕಾದು, ಅತ್ತು, ಕೊನೆಗೆ ದತ್ತು ಮಗುವಿಗೆ ಅರ್ಜಿ ಹಾಕಿದರು. ಅಧಿಕಾರಿಯೊಬ್ಬರು ಬಂದು ಮನೆ ನೋಡಬೇಕು. ಅವರು ಒಪ್ಪಿದರೆ ಮಗು, ಇಲ್ಲವಾದರೆ ಇಲ್ಲ. ಆ ಹೆಂಗಸು ಬಂದದ್ದು ಆಯುಧಪೂಜೆಯ ಮರುದಿನ! ಭಾವ ಪ್ರಾಮಾಣಿಕರಲ್ಲವೇ, ಕೇಳುವ ಮೊದಲೇ ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದು ತೋರಿಸಿಬಿಟ್ಟರು. ಹನ್ನೊಂದರ ಮೇಲೂ ಹಿಂದಿನ ದಿನದ ಕುಂಕುಮ. ಆಕೆ ಎರಡು ಹೆಜ್ಜೆ ಹಿಂದೆ ಸರಿದು, "ಏನಿದು ಕೆಂಪು?" ಎಂದರು.

ಅಕ್ಕ ಗಾಬರಿಯಲ್ಲಿ, "ನಥಿಂಗ್ ಮೇಡಂ, ವೀ ವರ್ಶಿಪ್ ದೆಮ್" ಎಂದಳು.

ಹಬ್ಬಕ್ಕೆ ಬಂದು ಅಲ್ಲೇ ಉಳಿದಿದ್ದ ನಾನು, ಮುಗಿಯಿತು ಕಥೆ ಎಂದುಕೊಂಡೆ. ಆಕೆ ಏನನ್ನೋ ಬಹಳ ಹೊತ್ತು ಬರೆದುಕೊಂಡರು. ಆಮೇಲೆ, "ಬೀಗ ಹಾಕಿಟ್ಟರೆ ಕಾನೂನಿನ ತಕರಾರಿಲ್ಲ. ಮಗು ಬಂದಮೇಲೂ ಇವು ಇಲ್ಲೇ ಇರುತ್ತವೆಯೇ?" ಎಂದು ಕೇಳಿದರು.

"ಇಲ್ಲ ಮೇಡಂ. ಶುಕ್ರವಾರ ಎಲ್ಲವನ್ನೂ ಅಂಗಡಿಗೆ ಕೊಟ್ಟುಬರುತ್ತೇನೆ. ಬೀಗ ಹಾಕಲು ಒಂದು ದಿನ ಮರೆತರೂ ಸಾಕಲ್ಲ" ಎಂದರು ಭಾವ.

ಅಕ್ಕನಿಗೂ ಅದು ಹೊಸ ಸುದ್ದಿ. ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋದಳು.

ಬಂದವಳು ಮೂರು ವರ್ಷದ ಹುಡುಗಿ. ಜೋರು ಶಬ್ದವೆಂದರೆ ಅವಳಿಗೆ ಭಯ. ಬಾಗಿಲು ಬಡಿದರೂ ಮೇಜಿನಡಿ ಸೇರುತ್ತಾಳೆ. ಹಿಂದೆ ಏನು ಕಂಡಿದ್ದಳೋ, ನಮಗೆ ಗೊತ್ತಿಲ್ಲ. ಮೊನ್ನೆ ಭಾನುವಾರ ಅವರ ಮನೆಗೆ ಹೋಗಿದ್ದೆ. ಒಲೆಯ ಮೇಲೆ ಕುಕ್ಕರು ಬುಸುಗುಡುತ್ತಿತ್ತು. ಭಾವ ಮಾತು ಅರ್ಧಕ್ಕೇ ಬಿಟ್ಟು ಎದ್ದುಹೋಗಿ ಮಗುವಿನ ಮುಂದೆ ಮಂಡಿಯೂರಿ ಕೂತರು. ಸೀಟಿ ಕೂಗುವ ಮೊದಲೇ ಅವಳ ಎರಡು ಕಿವಿಗಳನ್ನೂ ತಮ್ಮ ಅಂಗೈಗಳಿಂದ ಮುಚ್ಚಿದರು.