ಎರಡನೇ ಬ್ಯಾಟರಿಯ ಸಂಸಾರ

ಪುಣೆಯ ಖರಾಡಿ ಬೈಪಾಸಿನ ಬಳಿ ನನ್ನದೊಂದು ಅಂಗಡಿ ಇದೆ. ಗಾಡಿಗಳ ವೈರಿಂಗ್, ಬ್ಯಾಟರಿ, ಹಾರ್ನ್, ಇವೇ ಕೆಲಸ. ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಬೇರೂರಿದವನು ನಾನು. ಈಗೀಗ ಜೀಪಿನವರು ಬಂದು ಎರಡನೇ ಬ್ಯಾಟರಿ ಕೂರಿಸಿಕೊಡಿ ಎನ್ನುವುದು ಜಾಸ್ತಿಯಾಗಿದೆ. ಕೂರಿಸುವುದು ಅರ್ಧ ದಿನದ ಕೆಲಸ. ಅದು ಯಾಕೆ ಬೇಕು ಎಂದು ಅವರು ವಿವರಿಸುವುದನ್ನು ಕೇಳುವುದರಲ್ಲಿ ಇನ್ನರ್ಧ ದಿನ ಹೋಗುತ್ತದೆ. ಬೇಡವೆಂದರೂ ಇಂಥ ಪ್ರಸಂಗಗಳು ನನ್ನ ಅಂಗಡಿಯ ವಿಳಾಸ ಕೇಳಿಕೊಂಡೇ ಬರುತ್ತವೆ.

೧. ಎಲ್ಲ ಬಿಟ್ಟು ಹೊರಟವನು

ಹತ್ತಿರದ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಮೈಸೂರಿನ ತರುಣನೊಬ್ಬ ಹೊಸ ಜೀಪು ತಂದು ನಿಲ್ಲಿಸಿದ. ಇನ್ನೂ ಸೀಟಿನ ಪ್ಲಾಸ್ಟಿಕ್ ಕಿತ್ತಿರಲಿಲ್ಲ.

"ಸರ್, ಈ ಲೈಫ್ ಸಾಕಾಗೋಗಿದೆ. ವೀಕೆಂಡ್ ಎಲ್ಲಾ ಬಿಟ್ಟು ಕಾಡಿಗೆ ಹೋಗ್ಬಿಡೋಣ ಅಂತ. ಅದಕ್ಕೇ ಸೆಕೆಂಡ್ ಬ್ಯಾಟರಿ ಬೇಕು."

"ಎಲ್ಲಾ ಬಿಟ್ಟು ಹೋಗೋರಿಗೆ ಬ್ಯಾಟರಿ ಯಾಕ್ರಿ?" ಎಂದೆ.

ಅವನು ಶುರುಮಾಡಿದ. ಒಂದು ಫ್ರಿಜ್ಜು. ಕಾಫಿ ಮಷೀನು. ಇಬ್ಬರಿಗೂ ಬೇರೆ ಬೇರೆ ಫ್ಯಾನು, ಯಾಕೆಂದರೆ ಹೆಂಡತಿಗೆ ಗಾಳಿ ಜೋರಾದರೆ ತಲೆನೋವು. ಲ್ಯಾಪ್‌ಟಾಪು, ಸಿನಿಮಾ ನೋಡುವುದಕ್ಕೆ ಪರದೆ, ಸೊಳ್ಳೆ ಬ್ಯಾಟು. ಇಂಜಿನ್ ಬಂದ್ ಇರುವಾಗ ಇವೆಲ್ಲ ನಡೆಯಬೇಕು. ಬಿಟ್ಟು ಹೋಗುವುದು ಯಾವುದು ಎಂದು ನಾನು ಕೊನೆಯವರೆಗೂ ಕಾದೆ. ಅದೊಂದು ಬರಲಿಲ್ಲ.

ಎಲ್ಲ ಜೋಡಿಸಿ ಕಳಿಸಿದೆ. ಸೋಮವಾರ ಬಂದ. ಮುಖ ಅರಳಿತ್ತು.

"ಹೆಂಗಾತ್ರಿ ಕಾಡು?"

"ಸೂಪರ್ ಸರ್! ಕಾಡು ಅಂತ ಅನ್ನಿಸ್ಲೇ ಇಲ್ಲ."

೨. ಚಟ್ನಿಯ ಮಾನ

ಆದರೆ ಎರಡನೇ ಬ್ಯಾಟರಿಯನ್ನು ಜೀವನ್ಮರಣದ ವಿಷಯ ಮಾಡಿಕೊಂಡವರನ್ನು ನಾನು ಕಂಡಿದ್ದು ಒಬ್ಬರನ್ನೇ. ಹಡಪಸರದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಮಾಲೀಕರು. ಅವರದ್ದು ಹಾಲು, ತರಕಾರಿ ಹೊತ್ತು ಹೊತ್ತು ಸವೆದ ಹಳೇ ಡೀಸೆಲ್ ಜೀಪು.

"ಎಂತ ಹಾಕ್ತೀರಿ ಎರಡನೇ ಬ್ಯಾಟರಿಗೆ?" ಎಂದು ಅವರ ಧಾಟಿಯಲ್ಲೇ ಕೇಳಿದೆ.

"ಮಿಕ್ಸರ್" ಎಂದರು.

ವಿಷಯ ಇಷ್ಟು. ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳು ಸಾಸವಡದಲ್ಲಿ ತಂಗುತ್ತಾರೆ. ಅವರಲ್ಲಿ ಒಂದು ತಂಡಕ್ಕೆ ಈ ಮಾಲೀಕರು ಪ್ರತಿ ವರ್ಷ ಅಲ್ಲಿಗೇ ಹೋಗಿ ಬೆಳಗಿನ ತಿಂಡಿ ಬಡಿಸುತ್ತಾರೆ, ಧರ್ಮಾರ್ಥ. ಕಳೆದ ವರ್ಷ ಜನಜಂಗುಳಿಯಲ್ಲಿ ಜೀಪು ತೆವಳಿಕೊಂಡು ಹೋಗುವಷ್ಟರಲ್ಲಿ, ಮುಚ್ಚಿದ ಡಬರಿಯಲ್ಲಿದ್ದ ತೆಂಗಿನಕಾಯಿ ಚಟ್ನಿ ಬೆವತುಹೋಗಿತ್ತು. ಆ ತಂಡದ ಒಬ್ಬ ಅಜ್ಜಿ, ಅಲ್ಲಿನವರ ಬಾಯಲ್ಲಿ ಆಜಿ, ಬಾಯಿಗಿಟ್ಟುಕೊಂಡು, ಎಲ್ಲರೆದುರು, ಮರಾಠಿಯಲ್ಲಿ ಕೇಳಿದರಂತೆ: "ಇಡ್ಲಿ ಚೆನ್ನಾಗಿದೆ ಮಗಾ. ಚಟ್ನಿ ನಿನ್ನೆಯದಾ?"

"ನಿನ್ನೆಯದಾ ಅಂತ ಕೇಳಿದ್ರು ಮಾರಾಯ್ರೆ!" ಎಂದರು ಮಾಲೀಕರು. "ನಮ್ಮ ಅಜ್ಜನ ಕಾಲದಿಂದ ಹೋಟೆಲ್ ಉಂಟು. ಈ ಮಾತು ಯಾರೂ ಹೇಳಿದ್ದಿಲ್ಲ. ಈ ಸಲ ಆ ಆಜಿಯ ಕಣ್ಣೆದುರೇ ಕಾಯಿ ಒಡೆದು, ಕಣ್ಣೆದುರೇ ಅರೆದು ಹಾಕ್ಬೇಕು."

ನನಗೆ ನಿಜವಾಗಿ ಕನಿಕರ ಬಂತು. ಸಣ್ಣ ಜನರೇಟರ್ ಒಯ್ಯಬಾರದೇ ಎಂದೆ.

"ಅದರ ಹೊಗೆ ವಾಸನೆ ಚಟ್ನಿಗೆ ಹಿಡೀತದೆ. ಆಮೇಲೆ ಅವರು 'ಪೆಟ್ರೋಲ್ ಯಾವತ್ತಿನದು' ಅಂತ ಕೇಳ್ತಾರೆ."

೩. ಬೇರೆ ಒಲೆ

ಕೆಲಸದ ದಿನ ಮಾಲೀಕರ ಜೊತೆ ಅವರ ತಾಯಿಯೂ ಬಂದು ಅಂಗಡಿ ಮುಂದೆ ಸ್ಟೂಲ್ ಹಾಕಿಸಿಕೊಂಡು ಕುಳಿತರು. ನಾಲ್ವರು ಗಂಡುಮಕ್ಕಳು, ನಾಲ್ವರು ಸೊಸೆಯರು, ಎಲ್ಲರನ್ನೂ ಒಂದೇ ಅಡುಗೆಮನೆಯಲ್ಲಿ ಹಿಡಿದಿಟ್ಟ ಅಮ್ಮ. ನನ್ನ ಕೈಯಲ್ಲಿದ್ದ ಸಣ್ಣ ಡಬ್ಬಿಯನ್ನು ತೋರಿಸಿ ಅದೆಂತದು ಎಂದರು.

"ಇದು ಎರಡೂ ಬ್ಯಾಟರಿ ಬ್ಯಾರೆ ಮಾಡೋ ಡಬ್ಬಿರಿ, ಅಮ್ಮಾರ" ಎಂದೆ. ಅಲ್ಲಿಗೆ ಕೆಲಸ ನಿಂತಿತು.

"ಬೇರೆ ಮಾಡುವುದಾ? ಒಂದೇ ಬಾನೆಟ್ಟಿನ ಅಡಿ ಇದ್ದುಕೊಂಡು ಬೇರೆ ಒಲೆಯಾ? ಅದೆಲ್ಲ ನಮ್ಮ ಮನೆಯಲ್ಲಿ ಆಗ್ಲಿಕ್ಕಿಲ್ಲ."

ನಾನು ಕೈ ಒರೆಸಿಕೊಂಡು ಸಮಾಧಾನದಿಂದ ಹೇಳಿದೆ: "ಹಂಗಲ್ರಿ. ಗಾಡಿ ಚಾಲೂ ಇದ್ದಾಗ ಎರಡೂ ಕೂಡೇ ಚಾರ್ಜ್ ಆಗ್ತಾವು. ಬಂದ್ ಮಾಡಿದ ಮ್ಯಾಲೆ ಮಿಕ್ಸರ್ ಹೊಸಾದ್ರ ಮ್ಯಾಲೆ ಅಷ್ಟೇ ನಡೀತದ. ಹಳೇದು ಗಾಡಿ ಸ್ಟಾರ್ಟ್ ಮಾಡಾಕ ಹಂಗೇ ಉಳೀತದ. ಅಂದ್ರ, ಗಳಿಸೋ ಮುಂದ ಇಬ್ರೂ ಕೂಡೇ. ಖರ್ಚು ಮಾಡೋ ಮುಂದ ಮಾತ್ರ ಬ್ಯಾರೆ."

ಅಮ್ಮ ಮಗನ ಕಡೆ ತಿರುಗಿ ಹೇಳಿದರು: "ನೋಡಿದ್ಯಾ? ಮನೆ ಪಾಲಾಗುವುದು ಶುರುವಾಗುವುದೇ ಹೀಗೆ."

೪. ಹಿರಿಯನ ಜಾಗ

ಮಗ ಕಾಲಿಗೆ ಬಿದ್ದ ಮೇಲೆ ಡಬ್ಬಿ ಒಳಗೆ ಹೋಯಿತು. ಹೊಸ ಬ್ಯಾಟರಿಗೆ ಬಾನೆಟ್ಟಿನ ಬಲಗಡೆ ಜಾಗ ಖಾಲಿ ಇತ್ತು. ತಟ್ಟೆ ಬೆಸುಗೆ ಹಾಕಿಸಿ, ಪಟ್ಟಿ ಬಿಗಿದು, ದಪ್ಪ ವೈರ್ ಎಳೆದು, ಮಿಕ್ಸರಿಗೆಂದು ಇನ್ವರ್ಟರ್ ಮತ್ತು ಪ್ಲಗ್ ಕೂರಿಸಿ ಮುಗಿಸಿದೆ. ಅಮ್ಮ ಅರಿಸಿನ ಕುಂಕುಮ ಹಿಡಿದುಕೊಂಡು ಬಂದು ನೋಡಿ, ಹಿಂದೆ ಸರಿದರು.

"ಬಲಗಡೆ ಹೊಸತು ಯಾಕೆ ಕೂತದೆ? ಹಿರಿಯದು ಎಡಗಡೆಯಾ?"

ಹಳೆಯದು ಎಡಗಡೆ ಇರುವುದು ನನ್ನ ಕೆಲಸವಲ್ಲ, ಜೀಪು ತಯಾರಾಗುವಾಗಲೇ ಅದನ್ನು ಅಲ್ಲಿ ಕೂರಿಸಿರುತ್ತಾರೆ ಎಂದು ಮಾಲೀಕರೇ ನನ್ನ ಪರವಾಗಿ ವಾದಿಸಿದರು. ಅಮ್ಮ ಕೇಳಿದರು:

"ಆ ಕಾರ್ಖಾನೆಯಲ್ಲಿ ಹೇಳುವ ಹಿರಿಯರು ಯಾರೂ ಇರಲಿಲ್ಲವಾ?"

ಎರಡನ್ನೂ ಬಿಚ್ಚಿ ಅದಲುಬದಲು ಮಾಡಿದೆ. ಮತ್ತೊಂದು ತಟ್ಟೆ, ಮತ್ತೊಮ್ಮೆ ಬೆಸುಗೆ. ಹಳೇ ಬ್ಯಾಟರಿಗೆ ಮೊದಲ ಕುಂಕುಮ, ಹೊಸದಕ್ಕೆ ಆಮೇಲೆ. ನನಗೆ ನಲವತ್ತು ವರ್ಷ ದಾಟಿದರೂ ನಮ್ಮಣ್ಣನ ಎದುರು ಕುರ್ಚಿ ಮೇಲೆ ಕೂರುವುದಿಲ್ಲವಾದ್ದರಿಂದ ನಾನೂ ಅದಕ್ಕೆ ಒಪ್ಪಿದೆ. ಹೊರಡುವಾಗ ಅಮ್ಮ ಹೊಸ ಬ್ಯಾಟರಿಯನ್ನು ಬೆರಳಿಂದ ತಟ್ಟಿ ಹೇಳಿದರು: "ಅಣ್ಣನ ಮಾತು ಕೇಳಿಕೊಂಡಿರು."

೫. ಸಾಸವಡದಲ್ಲಿ

ತಿಂಡಿಯ ದಿನ ನೀವೂ ಬರಲೇಬೇಕು ಎಂದು ಮಾಲೀಕರು ಹಟ ಹಿಡಿದರು. ಹೋದೆ. ಅಮ್ಮನೂ ಬಂದಿದ್ದರು. ಬೆಳಗ್ಗೆ ಸಾಸವಡದ ಒಂದು ಬಯಲಲ್ಲಿ ಜೀಪು ನಿಂತಿತು. ಹೊಗೆ ಬೇಡವೆಂದು ಇಂಜಿನ್ ಬಂದ್. ಮಾಲೀಕರು ಮೊದಲ ಕಾಯಿ ಒಡೆದರು, ತುರಿದರು, ಮಿಕ್ಸರಿನ ಗುಂಡಿ ಒತ್ತಿದರು. ಮಿಕ್ಸರ್ ಗುರ್ರೆಂದಿತು. ಸುತ್ತ ನಿಂತ ವಾರಕರಿಗಳು ಜಯಘೋಷ ಹಾಕಿದರು. ಮಾಲೀಕರ ಕಣ್ಣಲ್ಲಿ ನೀರು ಬಂತು, ಹಸಿಮೆಣಸಿನದೂ ಇರಬಹುದು.

ಅಷ್ಟರಲ್ಲಿ ಯಾರೋ ಒಬ್ಬರು ಪ್ಲಗ್ ಕಂಡರು. ಒಂದು ಮೊಬೈಲ್ ಬಂತು. ಅದರ ಹಿಂದೆ ಇಡೀ ತಂಡದ ಮೊಬೈಲ್ ಬಂದವು, ಆಮೇಲೆ ಭಜನೆಯವರ ಮೈಕ್ ಬಂತು. ದೇವರ ಕೆಲಸಕ್ಕೆ ಹೊರಟವರಿಗೆ ಇಲ್ಲ ಎನ್ನುವುದು ಹೇಗೆ? ಆದರೂ ನನಗೆ ಭಯವಿರಲಿಲ್ಲ. ಹೊಸ ಬ್ಯಾಟರಿ ಮುಗಿದರೆ ಹಳೆಯದು ಇದೆ, ಇಂಜಿನ್ ಹಚ್ಚಿದರಾಯಿತು.

ಅರ್ಧ ಚಟ್ನಿಗೆ ಮಿಕ್ಸರ್ ನಿಂತಿತು. ಕೀಲಿ ತಿರುಗಿಸಿದೆ. ಟಿಕ್ ಎಂದಿತು ಅಷ್ಟೇ. ಬಾನೆಟ್ ಎತ್ತಿ ನೋಡಿದರೆ, ನನ್ನ ಡಬ್ಬಿಯನ್ನು ಪಕ್ಕಕ್ಕೆ ಬಿಟ್ಟು ಎರಡೂ ಬ್ಯಾಟರಿಗಳನ್ನು ಯಾರೋ ದಪ್ಪ ವೈರಿನಿಂದ ನೇರವಾಗಿ ಕಟ್ಟಿಬಿಟ್ಟಿದ್ದರು. ಎರಡೂ ಖಾಲಿ.

"ಫ್ರಿಜ್ ರಿಪೇರಿಯವನ ಹತ್ರ ನಾನೇ ಕಟ್ಟಿಸಿದ್ದು" ಎಂದರು ಅಮ್ಮ, ಸ್ವಲ್ಪವೂ ಅಳುಕದೆ. "ತಮ್ಮನಿಗೆ ಕಷ್ಟ ಬಂದಾಗ ಅಣ್ಣ ಸುಮ್ನೆ ಕೂತು ನೋಡ್ಬೇಕಾ?"

ಮಾಲೀಕರು ಕಾಯಿಹೋಳು ಹಿಡಿದು ಮಣ್ಣಿನ ಮೇಲೆಯೇ ಕುಳಿತುಬಿಟ್ಟರು. ಅದೇ ಹೊತ್ತಿಗೆ ಆ ಆಜಿ, ಕಳೆದ ವರ್ಷದವರೇ, ತಟ್ಟೆ ಹಿಡಿದು ಸಾಲಿನಲ್ಲಿ ಬಂದು ನಿಂತರು. ಜೀಪು ಕೆಟ್ಟಿದೆ ಎಂದು ತಿಳಿದದ್ದೇ ತಟ್ಟೆ ಕೆಳಗಿಟ್ಟು ಸೆರಗು ಬಿಗಿದರು. ಅವರ ಹಿಂದೆ ಇಡೀ ತಂಡ ಜೀಪಿಗೆ ಕೈ ಹಚ್ಚಿತು. ನಾನು ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ. ವಿಠ್ಠಲ ವಿಠ್ಠಲ ಎನ್ನುತ್ತ ನೂಕಿದ ರಭಸಕ್ಕೆ ಇಂಜಿನ್ ಹತ್ತಿಕೊಂಡಿತು. ಹೊಗೆಯ ಪೈಪಿನ ಬಾಯಿಯನ್ನು ಗಾಳಿ ಹೋಗುವ ಕಡೆ ತಿರುಗಿಸಿ ನಿಲ್ಲಿಸಿದೆ. ಮಿಕ್ಸರ್ ಮತ್ತೆ ಗುರ್ರೆಂದಿತು.

ಮಾಲೀಕರು ತಾವೇ ಆಜಿಯ ತಟ್ಟೆಗೆ ಇಡ್ಲಿ ಹಾಕಿ, ಜಾರಿನಿಂದ ನೇರವಾಗಿ ಚಟ್ನಿ ಸುರಿದು, ಉಸಿರು ಹಿಡಿದು ನಿಂತರು. ಆಜಿ ಅದ್ದಿದರು. ಬಾಯಿಗಿಟ್ಟರು. ಕಣ್ಣು ಮುಚ್ಚಿದರು.

"ತಾಜಾ ಇದೆ ಮಗಾ" ಎಂದರು. "ಇಂಥ ಚಟ್ನಿ ನಾನು ತಿಂದೇ ಇಲ್ಲ."

ಮಾಲೀಕರು ಅಳುತ್ತ ಅವರ ಕಾಲು ಮುಟ್ಟಿದರು. "ಆಜಿ, ಯಾವಾಗಲಾದರೂ ನಮ್ಮ ಹೋಟೆಲಿಗೆ ಬರಬೇಕು. ಹಡಪಸರದಲ್ಲಿ, ದೊಡ್ಡ ರಸ್ತೆಯ ಮೇಲೆಯೇ ಉಂಟು. ಬಿಸಿ ಬಿಸಿ ಇಡ್ಲಿ ಕೊಡ್ತೇನೆ."

"ಗೊತ್ತು" ಎಂದರು ಆಜಿ, ಇನ್ನೊಂದು ಇಡ್ಲಿ ಮುರಿಯುತ್ತ. "ನಿನ್ನೆ ಅದರ ಬಾಗಿಲ ಮುಂದೆಯೇ ನಡೆದು ಬಂದೆವು. ಎಲ್ಲರಿಗೂ ಭಾರೀ ಹಸಿವು. ಬಾಗಿಲು ಹಾಕಿ ಬೋರ್ಡ್ ಬರೆದಿದ್ದಿರಿ: ವಾರಕರಿಗಳ ಸೇವೆಗಾಗಿ ಇವತ್ತು ಹೋಟೆಲ್ ಬಂದ್."