ಮೂರನೇ ಮಹಡಿಯ ಕೊನೆಯವರು

ಲೈಬ್ರರಿಯನ್: ಕೊನೆಯವರು ಅಂದ್ರೆ ಏನರ್ಥ ಸರ್? ಮೊದಲು ಅದನ್ನ ಹೇಳಿ.

ಸೂಪರಿಂಟೆಂಡೆಂಟ್: ಕೊನೆಯವರು ಅಂದ್ರೆ ಕೊನೆಯವರು ಮೇಡಂ. ಎಲ್ಲರೂ ಹೋದ ಮೇಲೆ ಹೋಗೋರು.

ಲೈಬ್ರರಿಯನ್: ಎಲ್ಲಿಗೆ ಹೋಗೋರು?

ಸೂಪರಿಂಟೆಂಡೆಂಟ್: ಮೈದಾನಕ್ಕೆ. ಇನ್ನೆಲ್ಲಿಗೆ?

ಲೈಬ್ರರಿಯನ್: ಬೆಂಕಿ ಬಿದ್ದ ಕಟ್ಟಡದಲ್ಲಿ ಎಲ್ಲರಿಗಿಂತ ಕೊನೆಗೆ ಉಳಿದೋರು ಎಲ್ಲಿಗೆ ಹೋಗ್ತಾರೆ ಅಂತ ನನಗೂ ಗೊತ್ತು.

ನಾನು ಈ ಕಾಲೇಜಿನ ಆಫೀಸಿನ ಟೈಪಿಸ್ಟ್. ಸೂಪರಿಂಟೆಂಡೆಂಟರ ಮೇಜಿಗೂ ನನ್ನ ಮೇಜಿಗೂ ನಡುವೆ ಇರುವುದು ಒಂದು ಕಬ್ಬಿಣದ ಬೀರು, ಅಷ್ಟೇ. ಅವರೂ ಲೈಬ್ರರಿಯನ್ ಮೇಡಮ್ಮೂ ಗಂಡ ಹೆಂಡತಿ. ಆದರೆ ಆಫೀಸಿನ ಹೊಸ್ತಿಲು ದಾಟಿದ ಮೇಲೆ ಅವರು ಸರ್, ಇವರು ಮೇಡಂ. ಹಾಗಂತ ಇಬ್ಬರೂ ಸೇರಿ ಮಾಡಿಕೊಂಡ ಕರಾರು. ಯಾರ ಬಾಯಿಂದಲಾದರೂ ‘ರೀ’ ಅಥವಾ ‘ನೀನು’ ಹೊರಬಿತ್ತೆಂದರೆ ನಾನು ಬೀರುವಿನ ಹಿಂದೆ ಇನ್ನಷ್ಟು ಬಗ್ಗಿ ಕೂರುತ್ತೇನೆ.

ಮೇಲಿನಿಂದ ಆದೇಶ ಬಂದಿತ್ತು. ಅಪಾಯದ ಗಂಟೆ ಹೊಡೆದರೆ ಇಡೀ ಕಾಲೇಜು ಐದು ನಿಮಿಷದಲ್ಲಿ ಖಾಲಿಯಾಗಬೇಕು. ಅದಕ್ಕೆ ಮಹಡಿಗೆ ಇಬ್ಬರಂತೆ ಸ್ವಯಂಸೇವಕರು. ‘ಮೊದಲಿಗರು’ ಹುಡುಗರನ್ನು ಮುಂದೆ ನಿಂತು ಮೆಟ್ಟಿಲಿಳಿಸುವವರು. ‘ಕೊನೆಯವರು’ ಕೋಣೆ, ಶೌಚಾಲಯ ಎಲ್ಲ ತಡಕಾಡಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹಿಂದಿನಿಂದ ಬರುವವರು. ಅದರ ತಾಲೀಮಿಗೆ ನಾಳೆ ಹನ್ನೊಂದಕ್ಕೆ ಅಣಕು ಗಂಟೆ. ಅಗ್ನಿಶಾಮಕ ಠಾಣೆಯ ಅಧಿಕಾರಿ ಗಡಿಯಾರ ಹಿಡಿದು ಬರುತ್ತಾರೆ. ಪಟ್ಟಿ ಇವತ್ತು ನಾಲ್ಕಕ್ಕೆ ಪ್ರಿನ್ಸಿಪಾಲರ ಮೇಜಿನ ಮೇಲಿರಬೇಕು. ಈಗ ಮೂರೂಕಾಲು. ಮೂರನೇ ಮಹಡಿಯ ಕೊನೆಯವರ ಸಹಿ ಒಂದೇ ಬಾಕಿ.

ಲೈಬ್ರರಿಯನ್: ಸ್ವಯಂಸೇವಕರು ಅಂದ್ರೆ ತಾವಾಗಿ ಬರೋರು. ನಾನು ಯಾವಾಗ ಬಂದೆ?

ಸೂಪರಿಂಟೆಂಡೆಂಟ್: ತಾವಾಗಿ ಯಾರೂ ಬರಲಿಲ್ಲ ಮೇಡಂ. ಅದಕ್ಕೆ ನಾನೇ ಸ್ವಯಂ ನಿರ್ಧಾರ ಮಾಡಿ ಹೆಸರು ಹಾಕಿದೆ.

ಲೈಬ್ರರಿಯನ್: ಸ್ವಯಂ ತಮ್ಮದು, ಸೇವೆ ನಮ್ಮದು.

ಸೂಪರಿಂಟೆಂಡೆಂಟ್: ಸುತ್ತೋಲೆ ಹೊರಡಿಸಿದ್ದೆ. ಹದಿನೈದು ದಿನ ಬೋರ್ಡಲ್ಲಿತ್ತು.

ಲೈಬ್ರರಿಯನ್: ಆ ಸುತ್ತೋಲೆ ನೋಡಿ ಯಾರು ಬರ್ತಾರೆ? ‘ತುರ್ತು ಕಟ್ಟಡ ತೆರವು ಕಾರ್ಯಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ’ ಅಂತ ಬರೆದಿದೀರಿ. ಇತಿಹಾಸದ ಮೇಷ್ಟ್ರು ಕಟ್ಟಡ ಕೆಡವ್ತಾರೆ ಅಂದ್ಕೊಂಡು ಪುಸ್ತಕ, ಚಾರ್ಟು, ಗೋಡೆ ಗಡಿಯಾರ ಎಲ್ಲ ರಟ್ಟಿನ ಡಬ್ಬಕ್ಕೆ ತುಂಬಿ ಮನೆಗೆ ಸಾಗಿಸಿಬಿಟ್ರು.

ಸೂಪರಿಂಟೆಂಡೆಂಟ್: ಗೋಡೆ ಗಡಿಯಾರ ಕಾಲೇಜಿಂದು. ವಾಪಸ್ ತರೋಕೆ ಹೇಳಿದೀನಿ.

ನಾನು: ಸರ್, ಅತಿಥಿ ಉಪನ್ಯಾಸಕರು ಮೂರು ಜನ ಹುದ್ದೆ ತೆರವಾಗಿದೆ ಅಂದ್ಕೊಂಡು ಅರ್ಜಿ ಕೊಟ್ಟಿದಾರೆ. ಫೋಟೋ ಸಮೇತ.

ಸೂಪರಿಂಟೆಂಡೆಂಟ್: ನೋಡಮ್ಮ, ತೆರವು ಅನ್ನೋದು ಅಚ್ಚ ಕನ್ನಡ ಪದ. ಅರ್ಥ ಆಗಲಿಲ್ಲ ಅಂದ್ರೆ ಅದು ಓದಿದವರ ತಪ್ಪು.

ಲೈಬ್ರರಿಯನ್: ‘ಎಲ್ಲರನ್ನೂ ಹೊರಗೆ ಕಳಿಸೋ ಕೆಲಸ’ ಅಂತ ಬರೆದಿದ್ರೆ ತಮ್ಮ ಪೆನ್ನೇನು ಸವೆದುಹೋಗ್ತಿತ್ತಾ?

ಸೂಪರಿಂಟೆಂಡೆಂಟರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಕಾಗದಕ್ಕೆ ಬೈದರೆ ಸಹಿಸಿಕೊಳ್ಳುತ್ತಾರೆ, ಕನ್ನಡಕ್ಕೆ ಬೈದರೆ ಇಲ್ಲ. ಆದರೆ ಗಂಟೆ ಮೂರೂವರೆಯಾಗಿತ್ತು, ಸಹಿ ಆಗಿರಲಿಲ್ಲ, ಆದ್ದರಿಂದ ನುಂಗಿಕೊಂಡರು.

ಲೈಬ್ರರಿಯನ್: ರಸಾಯನಶಾಸ್ತ್ರದವರೂ ಮೂರನೇ ಮಹಡೀನೇ. ಅವರನ್ನ ಹಾಕಬಹುದಿತ್ತಲ್ಲ?

ಸೂಪರಿಂಟೆಂಡೆಂಟ್: ಕೇಳಿದೆ. ಅವರ ಹೆಸರಿನ ಪಕ್ಕ ‘ಕೊನೆ’ ಅಂತ ಬರೀಬಾರದಂತೆ. ನಿವೃತ್ತಿಗೆ ಇನ್ನು ಆರು ತಿಂಗಳು, ನೋಡಿದವರು ಬೇರೆ ಏನೋ ಅಂದ್ಕೋತಾರಂತೆ.

ಲೈಬ್ರರಿಯನ್: ಗಣಿತದವರು?

ಸೂಪರಿಂಟೆಂಡೆಂಟ್: ಕೊನೆಯವರ ಹಿಂದೆ ಯಾರೂ ಉಳಿದಿಲ್ಲ ಅಂತ ನೋಡೋಕೆ ಇನ್ನೊಬ್ಬರು ಬೇಕು, ಅವರ ಹಿಂದೆ ನೋಡೋಕೆ ಮತ್ತೊಬ್ಬರು ಬೇಕು, ಇದು ಮುಗಿಯೋ ಲೆಕ್ಕ ಅಲ್ಲ ಅಂತ ಹೇಳಿ ಎದ್ದು ಹೋದರು.

ಲೈಬ್ರರಿಯನ್: ಆ ಆಟದ ಮೇಷ್ಟ್ರು? ಗಟ್ಟಿಮುಟ್ಟಾಗಿದಾರೆ.

ಸೂಪರಿಂಟೆಂಡೆಂಟ್: ಅವರು ಮೊದಲಿಗರು. ಕೊನೆಯವರು ಅಂತ ಹಾಕಿದ್ರೂ ಗಂಟೆ ಹೊಡೆದ ತಕ್ಷಣ ಮೊದಲು ಓಡೋರು ಅವರೇ. ಸುಮ್ನೆ ಯಾಕೆ ಅಂತ ಮೊದಲೇ ಹಾಗೆ ಹಾಕಿಬಿಟ್ಟೆ.

ಲೈಬ್ರರಿಯನ್: ತಮ್ಮ ಹೆಸರು ಎಲ್ಲಿದೆ ಸರ್? ಕಾಣ್ತಾ ಇಲ್ಲ.

ಸೂಪರಿಂಟೆಂಡೆಂಟ್: ಕೆಳಗಿದೆ ನೋಡಿ. ಮೈದಾನದ ಉಸ್ತುವಾರಿ.

ಲೈಬ್ರರಿಯನ್: ಅಲ್ಲೇನು ಕೆಲಸ?

ಸೂಪರಿಂಟೆಂಡೆಂಟ್: ತಲೆ ಎಣಿಸೋದು.

ಲೈಬ್ರರಿಯನ್: ನಿಂತ್ಕೊಂಡೋ, ಕೂತ್ಕೊಂಡೋ?

ಸೂಪರಿಂಟೆಂಡೆಂಟ್: ಕುರ್ಚಿ ಇರುತ್ತೆ.

ನಾನು: ಕೊಡೆ ಕೂಡ ಹೇಳಿದೀರಿ ಸರ್. ಬಿಸಿಲು ಅಂತ.

ಅವರು ನನ್ನತ್ತ ನೋಡಿದ ನೋಟಕ್ಕೆ ನಾನು ಟೈಪ್ ಮಾಡುವುದಕ್ಕೆ ಏನೂ ಇಲ್ಲದಿದ್ದರೂ ಟೈಪ್ ಮಾಡತೊಡಗಿದೆ.

ಲೈಬ್ರರಿಯನ್: ಎಣಿಸುವಾಗ ಒಂದು ತಲೆ ಕಮ್ಮಿ ಬಂತು ಅಂತ ಇಟ್ಕೊಳ್ಳಿ. ಏನ್ಮಾಡ್ತೀರಿ?

ಸೂಪರಿಂಟೆಂಡೆಂಟ್: ಯಾರದು ಅಂತ ಪಟ್ಟಿ ನೋಡ್ತೀನಿ.

ಲೈಬ್ರರಿಯನ್: ನೋಡಿದ ಮೇಲೆ?

ಸೂಪರಿಂಟೆಂಡೆಂಟ್: ಅಧಿಕಾರಿಗಳ ಗಮನಕ್ಕೆ ತರ್ತೀನಿ.

ಲೈಬ್ರರಿಯನ್: ಬಾಯಲ್ಲೋ, ಬರವಣಿಗೆಯಲ್ಲೋ?

ಸೂಪರಿಂಟೆಂಡೆಂಟ್: ಅದಕ್ಕೊಂದು ನಮೂನೆ ಇದೆ.

ಲೈಬ್ರರಿಯನ್: ಅಂದ್ರೆ ತಾವು ಮೇಲೆ ಬರಲ್ಲ.

ಸೂಪರಿಂಟೆಂಡೆಂಟ್: ಬರೋ ಹಾಗಿಲ್ಲ ಮೇಡಂ. ನಿಯಮ ಆರು. ಒಮ್ಮೆ ಹೊರಗೆ ಬಂದವರು ಯಾವ ಕಾರಣಕ್ಕೂ ಮತ್ತೆ ಒಳಗೆ ಹೋಗಬಾರದು. ಯಾರೇ ಒಳಗಿರಲಿ.

ಲೈಬ್ರರಿಯನ್: ಯಾರೇ ಇರಲಿ?

ಸೂಪರಿಂಟೆಂಡೆಂಟ್: ಹಾಗಂತ ಬರೆದಿದೆ.

ಲೈಬ್ರರಿಯನ್: ಬರೆದಿದ್ದು ಯಾರು?

ಸೂಪರಿಂಟೆಂಡೆಂಟ್: ನಾನೇ.

ಮೇಡಂ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಇದು ನಗೆಚಾಟಿಕೆ ದಾಟಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಪಾಪ ಅನ್ನಿಸಿತು, ಬೀರುವಿನ ಹಿಂದಿದ್ದವಳು ಏನು ತಾನೇ ಹೇಳಲಿ.

ಲೈಬ್ರರಿಯನ್: ರೀ, ಇಪ್ಪತ್ತಾರು ವರ್ಷ ಆಯ್ತು. ನೀವು ಕೊಡೆ ಕೆಳಗೆ ಕೂತು ನನ್ನನ್ನ ನಮೂನೆಯಲ್ಲಿ ತುಂಬಿಸ್ತೀರಿ, ಅಷ್ಟೇ ತಾನೇ?

ಸೂಪರಿಂಟೆಂಡೆಂಟ್: ಅಯ್ಯೋ, ನಿನ್ನನ್ನ ಹಾಕಿದ್ದು ಯಾಕೆ ಅಂತ ಕೇಳು. ಬೇರೆ ಯಾರನ್ನ ಹಾಕಿದ್ರೂ ಓಡಿಹೋಗ್ತಾರೆ. ನೀನು ಓಡಲ್ಲ.

ಲೈಬ್ರರಿಯನ್: ಮಂಡಿ ನೋವು, ಅದಕ್ಕೆ ಓಡಲ್ಲ. ಮಂಡಿ ನೋವಿರೋಳು ಅಂತ ಗೊತ್ತಿದ್ದೂ ಹಾಕಿದ್ರಾ?

ಸೂಪರಿಂಟೆಂಡೆಂಟ್: ಮಂಡಿ ಮಾತಲ್ಲ ಇದು. ಒಂದೊಂದು ಬಾಗಿಲನ್ನೂ ತೆಗೆದು ನೋಡೋ ಹೆಂಗಸು ಈ ಕಾಲೇಜಲ್ಲಿ ನೀನೊಬ್ಬಳೇ.

ಲೈಬ್ರರಿಯನ್: ಅಂದ್ರೆ ಅನುಮಾನದವಳು ಅಂತ.

ಸೂಪರಿಂಟೆಂಡೆಂಟ್: ನಂಬಿಕಸ್ಥಳು ಅಂದೆ ಮಾರಾಯ್ತಿ.

ಲೈಬ್ರರಿಯನ್: ಎಲ್ಲಿ ಸಹಿ ಹಾಕ್ಬೇಕು ಹೇಳಿ ಸರ್.

‘ರೀ’ ಹೋಗಿ ‘ಸರ್’ ವಾಪಸ್ ಬಂದಿತ್ತು. ಸಮಾಧಾನವಾಯಿತೇನೋ ಎಂದುಕೊಂಡರೆ ಅದು ಮೊದಲಿಗಿಂತ ತಣ್ಣಗಿತ್ತು. ಮೇಡಂ ಸಹಿ ಹಾಕಿ, ಕಾಗದವನ್ನು ಅವರ ಕಡೆ ತಿರುಗಿಸಿಟ್ಟು, ಹೊರಟೇಹೋದರು. ಸೂಪರಿಂಟೆಂಡೆಂಟರು ಆ ಸಹಿಯನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದರು. ಪಟ್ಟಿ ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಪ್ರಿನ್ಸಿಪಾಲರ ಮೇಜು ಸೇರಿತು.

ದಿನಾ ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದವರು, ಮರುದಿನ ಸರ್ ಸ್ಕೂಟರಿನಲ್ಲಿ ಬಂದರು, ಮೇಡಂ ಬಸ್ಸಿನಲ್ಲಿ.

ಹನ್ನೊಂದಕ್ಕೆ ಸರಿಯಾಗಿ ಗಂಟೆ ಹೊಡೆಯಿತು. ಪಾಠ ನಿಂತ ಖುಷಿಗೆ ಹುಡುಗ ಹುಡುಗಿಯರೆಲ್ಲ ದಡದಡನೆ ಇಳಿದು ಬಂದರು. ಆಟದ ಮೇಷ್ಟ್ರು ಅವರಿಗಿಂತ ಇಪ್ಪತ್ತು ಮಾರು ಮುಂದಿದ್ದರು. ಮೈದಾನದಲ್ಲಿ ಸೂಪರಿಂಟೆಂಡೆಂಟರು ತಲೆ ಎಣಿಸುತ್ತಿದ್ದರು, ನಾನು ಪಕ್ಕದಲ್ಲಿ ಪಟ್ಟಿ ಹಿಡಿದು ಗುರುತು ಹಾಕುತ್ತಿದ್ದೆ. ಕುರ್ಚಿ ಖಾಲಿಯಿತ್ತು, ಅವರು ಕೂತಿರಲಿಲ್ಲ. ಅಧಿಕಾರಿ ಗಡಿಯಾರ ನೋಡುತ್ತಾ ನಿಂತಿದ್ದರು.

ಅಧಿಕಾರಿ: ಮೂರು ನಿಮಿಷ ನಲವತ್ತು ಸೆಕೆಂಡು. ಭೇಷ್. ಎಲ್ಲರೂ ಬಂದ್ರಾ?

ಸೂಪರಿಂಟೆಂಡೆಂಟ್: ಒಂದು ಕಮ್ಮಿ.

ನಾನು: ಮೂರನೇ ಮಹಡಿಯ ಕೊನೆಯವರು ಸರ್. ಕೊನೆಗೆ ತಾನೇ ಬರ್ತಾರೆ. ಇನ್ನೂ ಒಂದು ನಿಮಿಷ ಇದೆ.

ಸೂಪರಿಂಟೆಂಡೆಂಟ್: ಗೊತ್ತು.

ಮತ್ತೆ ಎಣಿಸಿದರು. ಮೂರನೇ ಮಹಡಿಯ ಕಿಟಕಿ ನೋಡಿದರು. ಇದು ಅಣಕು, ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ, ಮೇಲಿರುವವರು ಬಾಗಿಲು ತೆಗೆದು ನೋಡುತ್ತಿದ್ದಾರೆ ಅಷ್ಟೇ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹಣೆ ಬೆವರಿತ್ತು.

ಸೂಪರಿಂಟೆಂಡೆಂಟ್: ಇದನ್ನ ಹಿಡಿ ಸ್ವಲ್ಪ.

ನಾನು: ಸರ್, ನಿಯಮ ಆರು...

ಸೂಪರಿಂಟೆಂಡೆಂಟ್: ಯಾವನು ಬರೆದಿದ್ದು ಅದನ್ನ?

ನಾನು: ತಾವೇ ಸರ್.

ಸೂಪರಿಂಟೆಂಡೆಂಟ್: ಬುದ್ಧಿ ಇಲ್ಲದೆ ಬರೆದಿದಾನೆ.

ಕೈಲಿದ್ದ ಕೊಡೆಯನ್ನೂ ಕತ್ತಿನ ಸೀಟಿಯನ್ನೂ ನನ್ನ ಕೈಗೆ ತುರುಕಿ, ಐವತ್ತೇಳು ವರ್ಷದ ಆ ಮನುಷ್ಯ ಕಟ್ಟಡದೊಳಕ್ಕೆ ಓಡಿದರು. ಅಧಿಕಾರಿ ಬಾಯಿ ತೆರೆದು ನಿಂತರು. ಐದು ನಿಮಿಷವಾಯಿತು, ಏಳಾಯಿತು. ಆಗ ಮೆಟ್ಟಿಲಿನ ಕಿಟಕಿಯಿಂದ ಎರಡು ದನಿಗಳು ಇಡೀ ಮೈದಾನಕ್ಕೆ ಕೇಳತೊಡಗಿದವು.

ಸೂಪರಿಂಟೆಂಡೆಂಟ್: ಯಾಕೆ ಇಷ್ಟು ಹೊತ್ತು? ನಡಿ, ನೀನು ಮೊದಲು ಇಳಿ.

ಲೈಬ್ರರಿಯನ್: ಮಹಡಿ ಖಾಲಿ ಆಗಿತ್ತು, ಹೊರಟಿದ್ದೆ. ನೀವು ಬಂದ್ರಿ, ಈಗ ಖಾಲಿ ಇಲ್ಲ. ಮೊದಲು ನೀವು ಇಳೀರಿ.

ಸೂಪರಿಂಟೆಂಡೆಂಟ್: ನಿನ್ನನ್ನ ಹಿಂದೆ ಬಿಟ್ಟು ನಾನು ಇಳಿಯಲ್ಲ.

ಲೈಬ್ರರಿಯನ್: ನಾನು ಕೊನೆಯವಳು. ಸಹಿ ಹಾಕಿದೀನಿ.

ಸೂಪರಿಂಟೆಂಡೆಂಟ್: ಆ ಸಹಿ ಹೊಡೆದುಹಾಕ್ತೀನಿ.

ಲೈಬ್ರರಿಯನ್: ಹಾಗೆಲ್ಲ ಹೊಡೆದುಹಾಕೋ ಹಾಗಿಲ್ಲ. ಪ್ರಿನ್ಸಿಪಾಲರ ಮುದ್ರೆ ಬಿದ್ದಿದೆ.

ಸೂಪರಿಂಟೆಂಡೆಂಟ್: ಇಳಿಯೇ ಮಾರಾಯ್ತಿ, ಕೈ ಮುಗೀತೀನಿ.

ಲೈಬ್ರರಿಯನ್: ನೀವು ಇಳೀರಿ ಸರ್.

ಸೂಪರಿಂಟೆಂಡೆಂಟ್: ಸರ್ ಅನ್ನಬೇಡ ನನ್ನ.

ಕೆಳಗೆ ನಾನೂರ ಹನ್ನೊಂದು ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ವರ್ಷವಿಡೀ ಯಾವ ಪಾಠಕ್ಕೂ ಇಷ್ಟು ನಿಶ್ಶಬ್ದವಾಗಿ ಕುಳಿತವರಲ್ಲ.

ಅಧಿಕಾರಿ: ಅಲ್ಲಮ್ಮಾ, ಮೆಟ್ಟಿಲು ಅಗಲವಾಗಿದೆ. ಇಬ್ಬರೂ ಜೊತೆಗೇ ಇಳೀಬಾರದಾ?

ನಾನು: ಇಳೀಬಹುದು ಸರ್. ಆದ್ರೆ ಮದುವೆ ಆಗಿ ಇಪ್ಪತ್ತಾರು ವರ್ಷ ಆಗಿದೆ.

ಹತ್ತೊಂಬತ್ತನೇ ನಿಮಿಷಕ್ಕೆ ಬಾಗಿಲಲ್ಲಿ ಇಬ್ಬರೂ ಕಾಣಿಸಿಕೊಂಡರು. ಯಾರು ಮುಂದೆ, ಯಾರು ಹಿಂದೆ ಎಂದು ಹೇಳುವ ಹಾಗಿರಲಿಲ್ಲ. ಸೂಪರಿಂಟೆಂಡೆಂಟರಿಗೆ ಏದುಸಿರು. ಮೇಡಮ್ಮಿನ ಕೈ ಅವರ ತೋಳಿನ ಮೇಲಿತ್ತು. ಮಂಡಿ ನೋವಿಗೋ, ಏದುಸಿರಿಗೋ, ನಾನು ಕೇಳಲಿಲ್ಲ. ಅಧಿಕಾರಿ ಗಡಿಯಾರ ಒತ್ತಿ, ಜೇಬಿನಿಂದ ನಮೂನೆ ತೆಗೆದು ನನ್ನ ಕೈಗಿತ್ತರು.

ಅಧಿಕಾರಿ: ತುಂಬಿ. ನಾನೂರ ಹನ್ನೊಂದು ಜನ, ಮೂರು ನಿಮಿಷ ನಲವತ್ತು ಸೆಕೆಂಡು. ಸ್ವಯಂಸೇವಕರು ಇಬ್ಬರು, ಹತ್ತೊಂಬತ್ತು ನಿಮಿಷ. ವಿಳಂಬಕ್ಕೆ ಕಾರಣ?

ನಾನು: ಏನಂತ ಬರೀಲಿ ಸರ್? ಇಲ್ಲಿ ಮೂರೇ ಕೊಟ್ಟಿದಾರೆ. ಹೊಗೆ, ಬಾಗಿಲಿಗೆ ಬೀಗ, ಗಾಬರಿ.

ಸೂಪರಿಂಟೆಂಡೆಂಟರು ನೆಲ ನೋಡುತ್ತಿದ್ದರು.

ಲೈಬ್ರರಿಯನ್: ಗಾಬರಿ ಅಂತ ಬರಿ. ಯಾರಿಗೆ ಅಂತ ಕೇಳಿದ್ರೆ ಮೈದಾನದ ಉಸ್ತುವಾರಿಗೆ ಅಂತ ಹೇಳು.

ನಾನು ಹಾಗೇ ಬರೆದು ಸಹಿಗೆ ಮುಂದಿಟ್ಟೆ. ಸೂಪರಿಂಟೆಂಡೆಂಟರು ಓದಿ, ಜೇಬಿನಿಂದ ಪೆನ್ನು ತೆಗೆದರು. ಹೊಡೆದುಹಾಕುತ್ತಾರೆ ಎಂದೇ ನಾವೆಲ್ಲ ಅಂದುಕೊಂಡೆವು. ‘ಗಾಬರಿ’ಯ ಹಿಂದೆ ‘ವಿಪರೀತ’ ಎಂದು ಸೇರಿಸಿ, ಕೆಳಗೆ ಸಹಿ ಹಾಕಿದರು.