ಚೀಲದ ತಳದಲ್ಲೊಂದು ಮನೆ ಮಾರಾಟಕ್ಕಿದೆ

ನಾನಿರುವ ಕಡೆ ಯಾರೂ ಅರ್ಥ ತಿಳಿಯದೆ ಪದ ಬಳಸಕೂಡದು ಎಂಬುದು ನಿವೃತ್ತ ಫ್ರೆಂಚ್ ಮೇಷ್ಟ್ರಾದ ನನ್ನ ಮಹಾವ್ರತ. ಆ ವ್ರತವೇ ನಮ್ಮ ಮನೆಯ ವ್ಯಾಪಾರವನ್ನು ನುಂಗಿ ನೀರು ಕುಡಿಯಿತು.

ನನ್ನ ಹೆಂಡತಿ ಮ್ಯೂರಿಯಲ್‌ಗೆ ಸಮುದ್ರದ ಹುಚ್ಚು. ಕಡಲತಡಿಯ ಕ್ರೋಮರ್‌ನಲ್ಲಿ ತನ್ನ ತಂಗಿಯ ಪಕ್ಕದ ಮನೆಯನ್ನೇ ನೋಡಿಟ್ಟಿದ್ದಳು. ಲೆಸ್ಟರಿನ ಈ ಮನೆ ಮಾರಿಹೋದರೆ ಮಾತ್ರ ಅದು ಸಿಗುವುದು. ಕೊನೆಗೂ ಆಡ್ಲಿಂಗ್ಟನ್ ದಂಪತಿ ನೋಡಲು ಬಂದರು.

"ಸೆಡ್ರಿಕ್, ಟೀ ಕೊಡು, ಬಿಸ್ಕತ್ತು ಕೊಡು. ಬಾಯಿ ಮಾತ್ರ ಬಿಡಬೇಡ," ಎಂದು ಮ್ಯೂರಿಯಲ್ ಮೊದಲೇ ತಾಕೀತು ಮಾಡಿದ್ದಳು.

ಶ್ರೀಮತಿ ಆಡ್ಲಿಂಗ್ಟನ್ ಕಿಟಕಿಯಾಚೆ ನೋಡಿ, "ಈ ಬೀದಿ ಕಲ್‌ಡಿಸ್ಯಾಕ್ ಅನ್ನೋದೇ ನಮಗಿಷ್ಟ. ಬರೋಕೂ ಹೋಗೋಕೂ ಒಂದೇ ಬಾಯಿ, ಗಾಡಿಗಳ ಕಾಟ ಇಲ್ಲ. ಹೆಸರಿಗೂ ಎಂಥ ಗತ್ತು ನೋಡಿ," ಎಂದರು.

ನನ್ನ ನಾಲಿಗೆ ತುರಿಸಿತು.

"ಅದು ಫ್ರೆಂಚಿನಿಂದ ಬಂದಿದ್ದು. ಸ್ಯಾಕ್ ಅಂದ್ರೆ ಚೀಲ. ಕಲ್ ಅಂದ್ರೆ ತಳ."

ಮ್ಯೂರಿಯಲ್ ಮೇಜಿನಡಿ ನನ್ನ ಕಾಲು ತುಳಿದಳು.

"ಚೀಲದ ತಳ! ಚೆನ್ನಾಗಿದೆ," ಎಂದರು ಶ್ರೀಯುತರು.

"ಮರ್ಯಾದೆಗೆ ತಳ ಅಂದೆ. ಈಗಿನ ಫ್ರೆಂಚರ ಬಾಯಲ್ಲಿ ಅದು ಅಂಡು."

ಮ್ಯೂರಿಯಲ್ ಇನ್ನೊಂದು ಕಾಲನ್ನೂ ತುಳಿದಳು.

ಶ್ರೀಮತಿ ಆಡ್ಲಿಂಗ್ಟನ್ ಬಿಸ್ಕತ್ತು ಕೆಳಗಿಟ್ಟರು. "ಯಾರ ಅಂಡು?"

"ಚೀಲದ್ದೇ. ನಮ್ಮದು ಬೀದಿಯ ಕಟ್ಟಕಡೇ ಮನೆ ನೋಡಿ, ಸರಿಯಾಗಿ ಅದರ ಮೇಲೇ ಕೂತಿದ್ದೀವಿ."

"ಆರ್ಥರ್, ನಿಮ್ಮಮ್ಮನಿಗೆ ಫ್ರೆಂಚ್ ಬರತ್ತೆ. ಮನೆ ಎಲ್ಲಿ ಅಂದ್ರೆ ಏನಂತ ಹೇಳೋದು?" ಎಂದು ಆಕೆ ಗಂಡನ ಕಿವಿಯಲ್ಲಿ ಪಿಸುಗುಟ್ಟಿದರು.

ಕೆಟ್ಟದ್ದನ್ನು ಸರಿಪಡಿಸಲು ನಾನೇ ಮುಂದಾದೆ. "ಹೆದರಬೇಡಿ. ಇಂಥ ಬೀದಿಗೆ ಫ್ರೆಂಚರು ಹೆಚ್ಚಾಗಿ ಅಂಪಾಸ್ ಅಂತಾರೆ."

"ಹಾಗಂದ್ರೆ?"

"ಮುಂದಕ್ಕೆ ದಾರಿನೇ ಇಲ್ಲ ಅಂತ."

ಇಬ್ಬರೂ ಅರ್ಧ ಕಪ್ ಟೀ ಬಿಟ್ಟು ಎದ್ದರು. ನಮ್ಮ ಇಂಗ್ಲೆಂಡಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಟೀ ಮುಗಿಸಿಯೇ ಏಳುವುದು ವಾಡಿಕೆ.

ವಾರ ಕಳೆದ ಮೇಲೆ ಮ್ಯೂರಿಯಲ್ ಹೊರಗಿನಿಂದ ಬಂದು, "ಆಡ್ಲಿಂಗ್ಟನ್‌ನವರು ಮನೆ ತಗೊಂಡ್ರಂತೆ," ಎಂದಳು.

"ನೋಡಿದ್ಯಾ, ವಿದ್ಯೆಗೆ ಎಂದಿದ್ರೂ ಬೆಲೆ ಇದೆ," ಎಂದು ನಾನು ಮೀಸೆ ತಿರುವಿದೆ.

"ನಮ್ಮದಲ್ಲ. ಬೀದಿ ಮೊದಲನೇ ಮನೆ, ವಿನಿಫ್ರೆಡ್‌ದು. ಅವಳು ಮಾರಬೇಕು ಅಂತಾನೂ ಇರಲಿಲ್ಲ. ಇದ್ರೆ ಚೀಲದ ಬಾಯಲ್ಲಿ ಇರೋಣ ಅಂತ ಅವರೇ ಹೋಗಿ ಕೇಳಿದ್ರಂತೆ. ಈಗ ಅವಳು ಕ್ರೋಮರ್‌ಗೆ ಹೊರಟಿದ್ದಾಳೆ. ನನ್ನ ತಂಗಿ ಪಕ್ಕದ ಅದೇ ಮನೆಗೆ."

ಇದಕ್ಕೆ ಫ್ರೆಂಚಿನಲ್ಲೊಂದು ಗಾದೆ ಇದೆ ಎನ್ನಲು ನಾನು ಬಾಯಿ ತೆರೆದೆ. ಮ್ಯೂರಿಯಲ್ ಡ್ರಾಯರ್ ಎಳೆದು ದಾರದ ಉಂಡೆ ತೆಗೆದಳು.

"ಆ ಚೀಲದ ಬಾಯಂತೂ ಮಾರಾಟ ಆಯ್ತು. ಈಗ ಈ ಚೀಲದ ಬಾಯಿ ಕಟ್ಟೋಣ. ಮುಖ ಈ ಕಡೆ ತಿರುಗಿಸು, ಸೆಡ್ರಿಕ್."